ಸ್ವಿಚ್ ಬೋರ್ಡಿನಿಂದ ಫಾರ್ವರ್ಡ್ ಗುಂಡಿಯವರೆಗೆ

ನಿಮ್ಮ ತರಗತಿಯ ಸ್ವಿಚ್ ಬೋರ್ಡನ್ನು ಒಮ್ಮೆ ನೆನಪಿಸಿಕೊಳ್ಳಿ. ನಾಲ್ಕು ಫ್ಯಾನು, ನಾಲ್ಕು ಟ್ಯೂಬ್‌ಲೈಟು. ಅವು ಕೊಠಡಿಯ ನಾಲ್ಕು ಮೂಲೆಗಳಿಗೆ ಹರಡಿಕೊಂಡಿವೆ. ಆದರೆ ಎಂಟು ಸ್ವಿಚ್ಚುಗಳೂ ಗೋಡೆಯ ಮೇಲೆ ಒಂದೇ ಸಾಲಿನಲ್ಲಿ, ಒಂದೇ ಆಕಾರದಲ್ಲಿ ಕುಳಿತಿವೆ. ಕಿಟಕಿಯ ಪಕ್ಕದ ಫ್ಯಾನನ್ನು ಮಾತ್ರ ಹಾಕಬೇಕೆಂದರೆ ಎಷ್ಟು ಸ್ವಿಚ್ಚುಗಳನ್ನು ಒತ್ತಿ ನೋಡಬೇಕಾಗುತ್ತದೆ? ಹತ್ತು ವರ್ಷ ಅದೇ ಕೊಠಡಿಯಲ್ಲಿ ಪಾಠ ಮಾಡಿದವರೂ ತಡಕಾಡುವುದುಂಟು. ಇದಕ್ಕೆ ನಮ್ಮ ಮರೆವೇ ಕಾರಣವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ದೋಷವಿರುವುದು ಬೋರ್ಡಿನ ವಿನ್ಯಾಸದಲ್ಲಿ.

ಇದನ್ನು ಒತ್ತಿ ಹೇಳಿದವರಲ್ಲಿ ಪ್ರಮುಖರು ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್. ದಿನಬಳಕೆಯ ವಸ್ತುಗಳ ಮನೋವಿಜ್ಞಾನವನ್ನು ಕುರಿತ ಅವರ ಪುಸ್ತಕ 1988ರಲ್ಲಿ ಪ್ರಕಟವಾಯಿತು. ಸ್ವಿಚ್ಚುಗಳ ಗೊಂದಲಕ್ಕೆ ಅವರು ಸೂಚಿಸಿದ ಪರಿಹಾರ ಬಹಳ ಸರಳ: ಕೊಠಡಿಯ ನಕ್ಷೆಯನ್ನೇ ಫಲಕದ ಮೇಲೆ ಬರೆದು, ದೀಪವಿರುವ ಜಾಗದಲ್ಲಿ ಅದರ ಸ್ವಿಚ್ಚನ್ನು ಕೂರಿಸಿದರಾಯಿತು. ಆಗ ನೆನಪಿನ ಅಗತ್ಯವೇ ಇಲ್ಲ, ಕಣ್ಣು ಸಾಕು. ಬಾಗಿಲಿನ ವಿಷಯವೂ ಹೀಗೆಯೇ. ಹಿಡಿಕೆಯನ್ನು ಕಂಡರೆ ಕೈ ತಾನಾಗಿ ಎಳೆಯುತ್ತದೆ, ಬರಿಯ ಲೋಹದ ತಗಡನ್ನು ಕಂಡರೆ ತಳ್ಳುತ್ತದೆ. ತಳ್ಳಬೇಕಾದ ಬಾಗಿಲಿಗೆ ಹಿಡಿಕೆ ಹಾಕಿ, ಅದರ ಮೇಲೆ ‘ತಳ್ಳಿ’ ಎಂದು ಚೀಟಿ ಅಂಟಿಸಿರುವುದನ್ನು ನೀವು ಬ್ಯಾಂಕುಗಳಲ್ಲಿ ನೋಡಿರಬಹುದು. ವಿನ್ಯಾಸ ಸೋತ ಕಡೆ ಚೀಟಿ ಬರುತ್ತದೆ! ವಸ್ತುವೊಂದನ್ನು ಬಳಸುವವರ ಕಣ್ಣು, ಕೈ, ನೆನಪು, ಗಮನ ಇವುಗಳಿಗೆ ಹೊಂದುವಂತೆ ಅದನ್ನು ರೂಪಿಸುವ ವಿದ್ಯೆಗೆ ಇಂದು ‘ಬಳಕೆದಾರರ ಅನುಭವದ ವಿನ್ಯಾಸ’ ಅಥವಾ ಯುಎಕ್ಸ್ ಎಂಬ ಹೆಸರಿದೆ.

ಹಾಗಾದರೆ ಒಳ್ಳೆಯ ವಿನ್ಯಾಸವೆಂದರೆ ಎಲ್ಲ ಅಡೆತಡೆಗಳನ್ನೂ ತೆಗೆದುಹಾಕುವುದೇ? ಉತ್ತರ ಬೇಕಿದ್ದರೆ ಇಸ್ತ್ರಿಪೆಟ್ಟಿಗೆಯ ಮೂರು ಪಿನ್ನಿನ ಪ್ಲಗ್ಗನ್ನು ಕೈಗೆತ್ತಿಕೊಳ್ಳಿ. ಅದರ ಭೂಸಂಪರ್ಕದ ಪಿನ್ನು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ದಪ್ಪವಾಗಿರುವುದರಿಂದ ಅದು ಬೇರೆ ತೂತಿನೊಳಗೆ ಹೋಗುವುದೇ ಇಲ್ಲ. ಉದ್ದವಾಗಿರುವುದರಿಂದ ಪ್ಲಗ್ಗನ್ನು ಚುಚ್ಚುವಾಗ ಅದು ಮೊದಲು ತಾಗುತ್ತದೆ, ಕೀಳುವಾಗ ಕೊನೆಯಲ್ಲಿ ಬಿಡುತ್ತದೆ. ಅಂದರೆ ವಿದ್ಯುತ್ತು ಹರಿಯುವಷ್ಟು ಹೊತ್ತೂ ರಕ್ಷಣೆ ಇರುತ್ತದೆ. ಇಲ್ಲಿ ವಿನ್ಯಾಸಕಾರ ಉದ್ದೇಶಪೂರ್ವಕವಾಗಿ ತಡೆಯೊಂದನ್ನು ಇಟ್ಟಿದ್ದಾನೆ. ಬಳಸುವವನಿಗೆ ಎಚ್ಚರಿಕೆಯ ಪಾಠ ಹೇಳುವ ಬದಲು ತಪ್ಪು ಮಾಡಲು ದಾರಿಯನ್ನೇ ಕೊಟ್ಟಿಲ್ಲ.

ಈಗ ಮೊಬೈಲ್ ಫೋನಿಗೆ ಬರೋಣ. ಪುಸ್ತಕಕ್ಕೆ ಪುಟವಿದೆ, ಪತ್ರಿಕೆಗೆ ಕೊನೆಯ ಪುಟವಿದೆ. ಮೊದಮೊದಲು ಜಾಲತಾಣಗಳಲ್ಲಿಯೂ ‘ಮುಂದಿನ ಪುಟ’ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತುವ ಮುನ್ನ ಒಂದು ಕ್ಷಣ ‘ಇನ್ನು ಸಾಕೇ?’ ಎಂದು ಯೋಚಿಸಲು ಅವಕಾಶವಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಆ ಗುಂಡಿಯನ್ನು ತೆಗೆದು, ಬೆರಳು ಸರಿಸಿದಂತೆಲ್ಲ ಹೊಸ ವಿಷಯ ತಾನಾಗಿ ಬರುವ ವಿಧಾನವನ್ನು ರೂಪಿಸಿದರು. ಅನುಕೂಲವೇನೋ ಆಯಿತು, ಆದರೆ ನಿಲ್ಲುವ ಜಾಗ ಮಾಯವಾಯಿತು. ರಾಸ್ಕಿನ್ ಮುಂದೆ ಇದಕ್ಕಾಗಿ ಬಹಿರಂಗವಾಗಿಯೇ ವಿಷಾದಿಸಿದರು.

ಮುಂದಿನ ಸರಿತದಲ್ಲಿ ಏನು ಬರುತ್ತದೆಂದು ಗೊತ್ತಿಲ್ಲದಿರುವುದೂ ಇಲ್ಲಿ ಕೆಲಸ ಮಾಡುತ್ತದೆ. ಬಿ. ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಷ್ಟು ಸಲ ಕುಕ್ಕಿದರೆ ಕಾಳು ಸಿಗುತ್ತದೆಂದು ಊಹಿಸಲಾಗದ ಪಾರಿವಾಳಗಳು ಬಿಡದೆ ಕುಕ್ಕುತ್ತಲೇ ಇದ್ದವು. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು, ಮನುಷ್ಯ ಪಾರಿವಾಳವಲ್ಲ. ಆದರೂ ರಾತ್ರಿ ಹನ್ನೊಂದಕ್ಕೆ ಮಲಗಬೇಕೆಂದಿದ್ದ ವಿದ್ಯಾರ್ಥಿ ಹನ್ನೆರಡೂವರೆಗೂ ಪರದೆ ಸರಿಸುತ್ತಿದ್ದರೆ ‘ಮನೋಬಲವಿಲ್ಲ’ ಎಂದು ಗದರಿಸುವುದಕ್ಕೆ ಮೊದಲು ಸ್ವಿಚ್ ಬೋರ್ಡಿನ ಮಾತನ್ನು ನೆನೆಯುವುದು ನ್ಯಾಯ.

ತಡೆ ಇಲ್ಲದಿರುವುದರ ಬೆಲೆ ನಿದ್ದೆಯಷ್ಟೇ ಅಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್‌ಆ್ಯಪ್ ಮೂಲಕ ದೇಶದ ಹಲವೆಡೆ ಹಬ್ಬಿತು. ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನೇ ಕಳ್ಳರೆಂದು ಶಂಕಿಸಿ ಗುಂಪೊಂದು ಥಳಿಸಿತು. ಹೈದರಾಬಾದಿನ ಯುವಕನೊಬ್ಬ ಸತ್ತ. ಅಂದು ಸಂದೇಶವೊಂದನ್ನು ಹತ್ತಾರು ಗುಂಪುಗಳಿಗೆ ಒಟ್ಟಿಗೆ ದಾಟಿಸುವುದು ಒಂದೆರಡು ಒತ್ತುಗಳ ಕೆಲಸ. ಚಿತ್ರ, ವಿಡಿಯೊಗಳ ಪಕ್ಕದಲ್ಲೇ ಅದಕ್ಕೊಂದು ಬಾಣದ ಗುಂಡಿ ಸಿದ್ಧವಾಗಿರುತ್ತಿತ್ತು.

ಇಲ್ಲಿ ತಾಂತ್ರಿಕ ತೊಡಕೊಂದಿದೆ. ವಾಟ್ಸ್‌ಆ್ಯಪ್ ಸಂದೇಶಗಳು ಕಳುಹಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ಗೂಢಲಿಪಿಯಲ್ಲಿ ಸಾಗುತ್ತವೆ. ನಡುವೆ ಕಂಪನಿಯೂ ಅವನ್ನು ಓದಲಾಗದು. ಆದ್ದರಿಂದ ಸುಳ್ಳನ್ನು ಹೆಕ್ಕಿ ಅಳಿಸಲೂ ಆಗದು. ಹಾಗಾಗಿ ಬದಲಾದದ್ದು ವಿನ್ಯಾಸ. 2018ರ ಜುಲೈನಲ್ಲಿ, ದಾಟಿಸಿದ ಸಂದೇಶಗಳ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತು ಬಂತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಎಂಬ ಮಿತಿಯನ್ನು ಪ್ರಕಟಿಸಲಾಯಿತು, ಆ ಬಾಣದ ಗುಂಡಿಯೂ ಹೋಯಿತು. 2019ರ ಜನವರಿಯಲ್ಲಿ ಈ ಮಿತಿ ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಲ್ಲಿ, ಅದಾಗಲೇ ಐದು ಅಥವಾ ಹೆಚ್ಚು ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದಾಯಿತು. ಅಂಥ ಸಂದೇಶಗಳ ಸಂಖ್ಯೆ ಆನಂತರ ಶೇ. 70ರಷ್ಟು ಇಳಿಯಿತೆಂದು ಕಂಪನಿ ಹೇಳಿತು. ಇದು ಕಂಪನಿಯದೇ ಲೆಕ್ಕ ಎಂಬುದನ್ನು ಗಮನದಲ್ಲಿಡಿ. 2019ರಲ್ಲಿ ಬ್ರೆಜಿಲ್ಲಿನ ಸಂಶೋಧಕರೂ ಭಾಗವಹಿಸಿದ್ದ ಅಧ್ಯಯನವೊಂದು, ಮಿತಿಯಿಂದ ಹರಡುವಿಕೆ ನಿಧಾನವಾಗುತ್ತದೆ, ಆದರೆ ತೀವ್ರವಾಗಿ ಹಬ್ಬುವ ಸಂದೇಶಗಳನ್ನು ಅದು ಪೂರ್ತಿ ತಡೆಯಲಾರದು ಎಂದು ಕಂಡುಕೊಂಡಿತು.

ತಡೆಯನ್ನು ದುರುದ್ದೇಶದಿಂದಲೂ ಇಡಬಹುದು. ಸದಸ್ಯರಾಗಲು ಒಂದೇ ಒತ್ತು, ಸದಸ್ಯತ್ವ ರದ್ದು ಮಾಡಲು ಆರು ಪುಟ! ಇಂಥ ವಂಚಕ ವಿನ್ಯಾಸಗಳಲ್ಲಿ 13 ಬಗೆಗಳನ್ನು ಹೆಸರಿಸಿ ಅವನ್ನು ನಿಷೇಧಿಸುವ ಮಾರ್ಗಸೂಚಿಯನ್ನು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿತು.

ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಕೊಠಡಿಯ ನಕ್ಷೆ ಬರೆಸಿ, ಅದರ ಮೇಲೆ ಫ್ಯಾನು ಮತ್ತು ದೀಪಗಳನ್ನು ಗುರುತಿಸಿ, ಆಯಾ ಸ್ವಿಚ್ಚಿನ ಸಂಖ್ಯೆ ಹಾಕಿಸಿ ಬೋರ್ಡಿನ ಪಕ್ಕ ಅಂಟಿಸಿ. ಅಂಟಿಸುವ ಮೊದಲು ಮತ್ತು ನಂತರ, ಬೇರೆ ತರಗತಿಯ ಹತ್ತು ಹತ್ತು ಮಂದಿಯನ್ನು ಕರೆದು ‘ಕಿಟಕಿ ಪಕ್ಕದ ಫ್ಯಾನು ಹಾಕು’ ಎನ್ನಿ. ತಪ್ಪು ಒತ್ತುಗಳೆಷ್ಟೆಂದು ವಿದ್ಯಾರ್ಥಿಗಳೇ ಎಣಿಸಲಿ. ಒಮ್ಮೆ ಒತ್ತಿ ನೋಡಿದವರನ್ನು ಎರಡನೆಯ ಸಲ ಕರೆಯಬೇಡಿ, ಅವರಿಗೆ ಉತ್ತರ ಆಗಲೇ ಗೊತ್ತಿರುತ್ತದೆ.