ಬಾಸ್ಟನ್ ಸುರಂಗದ ಸಂಚಾರ ಕಾವಲು

ಅಮೆರಿಕದ ಬಾಸ್ಟನ್ ನಗರದ ಮಧ್ಯೆ 1959ರಲ್ಲಿ ಪೂರ್ಣಗೊಂಡ ಮೇಲುರಸ್ತೆಯನ್ನು ಕಟ್ಟಿದ್ದು ದಿನಕ್ಕೆ ಸುಮಾರು 75,000 ವಾಹನಗಳಿಗೆ; 1990ರ ದಶಕದ ಹೊತ್ತಿಗೆ ಅದರ ಎರಡೂವರೆ ಪಟ್ಟು ವಾಹನಗಳು ಅಲ್ಲಿ ಓಡುತ್ತಿದ್ದವು. 2003ರಲ್ಲಿ ಹೆದ್ದಾರಿಯನ್ನು ಸುಮಾರು 2.4 ಕಿ.ಮೀ. ಉದ್ದದ ಸುರಂಗಕ್ಕೆ ಇಳಿಸಿ, ಆಮೇಲೆ ಮೇಲುರಸ್ತೆಯನ್ನು ಕೆಡವಲಾಯಿತು.

ಸುರಂಗದಲ್ಲಿ ಒಂದೇ ಕಾರು ಕೆಟ್ಟು ನಿಂತರೂ ಹಿಂದಿನವರೆಲ್ಲ ಸಿಕ್ಕಿಬೀಳುತ್ತಾರೆ. ಆದ್ದರಿಂದ ನಿಯಂತ್ರಣ ಕೇಂದ್ರದ ಸಿಬ್ಬಂದಿ ಹಗಲೂ ರಾತ್ರಿ ಕ್ಯಾಮೆರಾ ಪರದೆಗಳ ಮೇಲೆ ಕಣ್ಣಿಟ್ಟಿರುತ್ತಾರೆ. ರಸ್ತೆಯಲ್ಲಿ ಹುದುಗಿಸಿದ ತಂತಿಸುರುಳಿಯ ಮೇಲೆ ವಾಹನ ಹಾದಾಗ ಕಾಂತಕ್ಷೇತ್ರ ಬದಲಾಗುತ್ತದೆ. ಎಣಿಕೆ, ವೇಗ ಎರಡೂ ಇದರಿಂದ ಸಿಗುತ್ತವೆ. ವೇಗ ದಿಢೀರನೆ ಕುಸಿದರೆ ಅಲ್ಲೇನೋ ಆಗಿದೆ ಎಂದರ್ಥ. ಕೂಡಲೇ ಆ ಲೇನ್ ಮುಚ್ಚಿ ಟೋಯಿಂಗ್ ವಾಹನ ಕಳಿಸಬೇಕು. ಕಾರ್ಬನ್ ಮಾನಾಕ್ಸೈಡ್ ಏರಿದರೆ ಫ್ಯಾನುಗಳ ವೇಗ ಹೆಚ್ಚಿಸುತ್ತಾರೆ.

ಬೆಂಕಿ ಬಿದ್ದರೆ ಜ್ವಾಲೆಗಿಂತ ಹೊಗೆಯೇ ಅಪಾಯಕಾರಿ. ಮೊದಲು ಸುರಂಗದ ಬಾಯಲ್ಲೇ ವಾಹನಗಳನ್ನು ತಡೆಯುವುದು ಅದಕ್ಕಾಗಿಯೇ.