ಪೊಟೊಸಿ: ಬೆಳ್ಳಿ ಬೆಟ್ಟದ ಬಲವಂತದ ಸರದಿ

ಬೊಲಿವಿಯಾದ ಪೊಟೊಸಿ. ಸಮುದ್ರಮಟ್ಟದಿಂದ 4,000 ಮೀಟರ್ ಎತ್ತರದ ಈ ಊರಿನ ನೆತ್ತಿಗೆ ಕೆಂಗಂದು ಬಣ್ಣದ ಬೆಟ್ಟ, ಸೆರೊ ರಿಕೊ. ಅದರೊಳಗೆ ಬೆಳ್ಳಿ ಇರುವುದು 1545ರಲ್ಲಿ ಸ್ಪೇನಿನವರಿಗೆ ಗೊತ್ತಾಯಿತು.

ಅಗೆಯುವವರು ಯಾರು?

1570ರ ದಶಕದಲ್ಲಿ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ಟೊಲೆಡೊ ಅದಕ್ಕೊಂದು ಕಟ್ಟಳೆ ತಂದ. ಇಂಕಾ ಅರಸರ ಕಾಲದಲ್ಲೂ 'ಮಿತಾ' ಎಂಬ ಸರದಿ ದುಡಿಮೆ ಇತ್ತು. ಜನ ರಸ್ತೆ ಹಾಕುತ್ತಿದ್ದರು, ಹೊಲ ಉಳುತ್ತಿದ್ದರು. ಅವರ ಊಟದ ಹೊಣೆ ಅರಸೊತ್ತಿಗೆಯದು. ಟೊಲೆಡೊ ಹೆಸರನ್ನಷ್ಟೇ ಉಳಿಸಿಕೊಂಡು ಅದನ್ನು ಗಣಿ ಚಾಕರಿಯಾಗಿಸಿದ. ಗೊತ್ತುಪಡಿಸಿದ ಪ್ರಾಂತ್ಯಗಳ ಗಂಡಸರಲ್ಲಿ ಏಳಕ್ಕೆ ಒಬ್ಬ ಹೋಗಲೇಬೇಕು. ವರ್ಷಕ್ಕೆ ಸುಮಾರು 13,000 ಜನ! ನೂರಾರು ಕಿಲೋಮೀಟರ್ ನಡಿಗೆ. ಜೊತೆಗೆ ಹೆಂಡತಿ, ಮಕ್ಕಳು, ಗಂಟುಮೂಟೆ ಹೊತ್ತ ಲಾಮಾಗಳು.

ಗಣಿಯೊಳಗೆ ಅದಿರಿನ ಮೂಟೆ ಬೆನ್ನಿಗೇರಿಸಿ ಏಣಿ ಹತ್ತಬೇಕು. ಹೊರಗೆ ಪಾದರಸದ ವಿಷ. ಅದಿರಿನ ಪುಡಿಗೆ ಪಾದರಸ ಬೆರೆಸಿ, ಕಾಯಿಸಿ, ಬೆಳ್ಳಿ ತೆಗೆಯುತ್ತಿದ್ದರು. ಆ ಪಾದರಸ ಬರುತ್ತಿದ್ದ ಪೆರುವಿನ ವಾಂಕಾವೆಲಿಕಾ ಗಣಿಯಲ್ಲೂ ಇದೇ ಮಿತಾ. ಕೂಲಿ ಕೊಡುತ್ತಿದ್ದರು, ನಿಜ. ಅದು ಹೊಟ್ಟೆಬಟ್ಟೆಗೇ ಸಾಲುತ್ತಿರಲಿಲ್ಲ.

ಸಿಡುಬು, ದಡಾರಗಳು ಮೊದಲೇ ಊರುಗಳನ್ನು ಅರ್ಧ ಖಾಲಿ ಮಾಡಿದ್ದವು. ಈಗ ಮಿತಾ ತಪ್ಪಿಸಿಕೊಳ್ಳಲು ಎಷ್ಟೋ ಕುಟುಂಬಗಳು ಹೊಲಮನೆ ತೊರೆದು ಪರಸ್ಥಳ ಸೇರಿದವು. ಅತಿ ಕ್ರೂರವಾದದ್ದು ಮುಂದಿನದು: ಜನ ಕಡಿಮೆಯಾದರೂ ಊರಿನ ಪಾಲು ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಉಳಿದವರ ಸರದಿ ಬೇಗಬೇಗ ಬಂತು. ಆಳು ಸಿಗದಿದ್ದರೆ 'ಕುರಾಕ', ಅಂದರೆ ಸ್ಥಳೀಯ ಮುಖಂಡ, ಹಣ ಕಟ್ಟಬೇಕು.

1812ರಲ್ಲಿ ಸ್ಪೇನಿನ ಸಂಸತ್ತು ಮಿತಾ ರದ್ದುಮಾಡಿತು. ಸೆರೊ ರಿಕೊ ಗಣಿಗಳು ಮಾತ್ರ ಮುಚ್ಚಿಲ್ಲ. ಸ್ಥಳೀಯ ಕೆಚುವಾ ಜನಾಂಗದ ಸಾವಿರಾರು ಕಾರ್ಮಿಕರು ಇಂದಿಗೂ ಅಲ್ಲಿ ಸತು, ತವರ, ಬೆಳ್ಳಿಯ ಅದಿರು ಅಗೆಯುತ್ತಿದ್ದಾರೆ. ಕಲ್ಲುದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಅವರನ್ನು ಸಣ್ಣ ವಯಸ್ಸಿಗೇ ಬಲಿ ತೆಗೆದುಕೊಳ್ಳುತ್ತಿದೆ.