ಸರಾಸರಿಯ ಆಚೆಗೆ: ವರ್ತಕರಿಗೆ ಬೇಕಾದಷ್ಟು ಸಂಖ್ಯಾಶಾಸ್ತ್ರ

ಅಫಜಲಪುರದ ಅಡತಿ ಅಂಗಡಿಯೊಂದರ ಗಾದಿಯ ಮೇಲೆ ಕುಳಿತವರನ್ನು "ಉದ್ರಿ ಎಷ್ಟು ದಿನಕ್ಕೆ ವಸೂಲಾಗುತ್ತದೆ?" ಎಂದು ಕೇಳಿದರೆ, "ಸರಾಸರಿ ಒಂದು ತಿಂಗಳು" ಎಂಬ ಉತ್ತರ ತಟ್ಟನೆ ಬರುತ್ತದೆ. ಬ್ಯಾಂಕಿನ ನಗದು ಸಾಲದ ಮಿತಿಯನ್ನು ನಿರ್ಧರಿಸುವಾಗಲೂ ಇದೇ ಒಂದು ಅಂಕಿ ಕೆಲಸಕ್ಕೆ ಬರುತ್ತದೆ. ಉತ್ತರವೇನೋ ಸುಳ್ಳಲ್ಲ. ಆದರೆ ಅಷ್ಟರಿಂದಲೇ ವ್ಯವಹಾರ ನಡೆಸಲು ಸಾಧ್ಯವಿಲ್ಲ ಎಂಬುದು ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಅನೇಕರ ಅನುಭವಕ್ಕೆ ಬರುತ್ತದೆ.

ಉದಾಹರಣೆಗೆ ಇಬ್ಬರು ಗಿರಾಕಿಗಳನ್ನು ತೆಗೆದುಕೊಳ್ಳೋಣ. ಮೊದಲನೆಯವರು ಐದು ಬಿಲ್ಲುಗಳನ್ನು ಕ್ರಮವಾಗಿ 28, 29, 30, 31 ಮತ್ತು 32 ದಿನಗಳಲ್ಲಿ ತೀರಿಸಿದರು. ಎರಡನೆಯವರು 5, 8, 12, 25 ಮತ್ತು 100 ದಿನಗಳಲ್ಲಿ ತೀರಿಸಿದರು. ಇಬ್ಬರದೂ ಸರಾಸರಿ 30 ದಿನವೇ. ಅವಧಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿದರೆ ಸಿಗುವ ಮಧ್ಯಾಂಕ ಮೊದಲನೆಯವರಿಗೆ 30, ಎರಡನೆಯವರಿಗೆ 12. ಸರಾಸರಿಯಿಂದ ಅಂಕಿಗಳು ಎಷ್ಟು ಚದುರಿವೆ ಎಂಬುದನ್ನು ಅಳೆಯುವ ಮಾನಕ ವಿಚಲನೆ ಒಬ್ಬರಿಗೆ ಸುಮಾರು 1.4 ದಿನ, ಇನ್ನೊಬ್ಬರಿಗೆ ಸುಮಾರು 35.7 ದಿನ. ಎರಡನೆಯವರು ಕೆಟ್ಟ ಗಿರಾಕಿಯೆಂದು ಇದರ ಅರ್ಥವಲ್ಲ. ಐದರಲ್ಲಿ ನಾಲ್ಕು ಸಲ ಅವರು ಮೊದಲನೆಯವರಿಗಿಂತ ಬೇಗನೆ ಹಣ ಕೊಟ್ಟಿದ್ದಾರೆ. ಆದರೆ ಅವರ ಹಣವನ್ನು ನಂಬಿ ಮೂವತ್ತೊಂದನೆಯ ದಿನಕ್ಕೆ ಚೆಕ್ಕು ಬರೆದುಕೊಡುವುದು ಬೇರೆ ಮಾತು.

ವಾಣಿಜ್ಯ ಪದವಿ ಪಡೆದವರೆಲ್ಲರೂ ಈ ಪಾಠವನ್ನು ಒಮ್ಮೆ ಓದಿಯೇ ಇರುತ್ತಾರೆ. ಪರೀಕ್ಷೆಗಾಗಿ ಸೂತ್ರ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತಿರುತ್ತಾರೆ. ಸಂಖ್ಯಾಶಾಸ್ತ್ರವು ಸರ್ಕಾರಿ ಕಚೇರಿಗಳ ವಿಷಯ, ಅಂಗಡಿಕಾರರಿಗೆ ಬೇಕಾದುದಲ್ಲ ಎಂಬ ಭಾವನೆ ಬೇರೂರಿದೆ. ಜಗತ್ತಿನ ಅಗ್ರಗಣ್ಯ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ ಅವರು 1920ರಲ್ಲಿ ಜನಿಸಿದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಹೂವಿನ ಹಡಗಲಿಯಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತು? 2023ರಲ್ಲಿ, ತಮ್ಮ ನೂರಾ ಎರಡನೆಯ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ನಿಧನರಾದರು.

ಇದೇ ತಾಲ್ಲೂಕಿನ ದೇವಲ ಗಾಣಗಾಪುರದತ್ತ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ದತ್ತ ಸನ್ನಿಧಿಗೆ ಗುರುವಾರ ಮತ್ತು ಹುಣ್ಣಿಮೆಗಳಂದು ಜನಸಾಗರವೇ ಬರುತ್ತದೆ. ತೆಂಗಿನಕಾಯಿ ಮಾರುವ ಅಂಗಡಿಯೊಂದರ ಲೆಕ್ಕವನ್ನು ಊಹಿಸಿಕೊಳ್ಳೋಣ: ಸಾಮಾನ್ಯವಾದ 24 ದಿನ ತಲಾ 40 ಕಾಯಿ, ನಾಲ್ಕು ಗುರುವಾರ ತಲಾ 150, ಹುಣ್ಣಿಮೆಯ ಎರಡು ದಿನ ತಲಾ 720. ಒಟ್ಟು 3,000 ಕಾಯಿ, ದಿನದ ಸರಾಸರಿ 100. ಆದರೆ ಇಡೀ ತಿಂಗಳಲ್ಲಿ 100 ಕಾಯಿ ಮಾರಾಟವಾದ ದಿನ ಒಂದೂ ಇಲ್ಲ! ಸರಾಸರಿಯಂತೆ ಮಾಲು ತರಿಸಿದ ಅಂಗಡಿಕಾರರಿಗೆ ವಾರವೆಲ್ಲ ಕಾಯಿ ಉಳಿಯುತ್ತದೆ, ಹುಣ್ಣಿಮೆಯಂದು ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಇಲ್ಲಿ ಬೇಕಾದುದು ದಿನಗಳನ್ನು ವರ್ಗ ಮಾಡಿ ಪ್ರತಿ ವರ್ಗಕ್ಕೂ ಬೇರೆ ಸರಾಸರಿ ತೆಗೆಯುವುದು, ಅಷ್ಟೆ.

ಈ ಭಾಗದ ಮುಖ್ಯ ವಹಿವಾಟಾದ ತೊಗರಿಯಲ್ಲಿ ನಷ್ಟದ ಪ್ರಮಾಣ ಕಾಯಿಗಳಲ್ಲಿ ಮುಗಿಯುವುದಿಲ್ಲ. 2015ರ ಅಕ್ಟೋಬರ್ ಹೊತ್ತಿಗೆ ತೊಗರಿ ಬೇಳೆಯ ಚಿಲ್ಲರೆ ಬೆಲೆ ದೇಶದ ಹಲವೆಡೆ ಕಿಲೋಗೆ ರೂ. 200ರ ಸಮೀಪ ಹೋಯಿತು. ಆ ಏರಿಕೆಯ ಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆದವರು ಬಹಳ. ರೈತರು ಹೆಚ್ಚು ಬಿತ್ತಿದರು, 2016ರಲ್ಲಿ ಮಳೆಯೂ ಕೈಕೊಡಲಿಲ್ಲ. 2015-16ರಲ್ಲಿ ದೇಶದಲ್ಲಿ ಸುಮಾರು 25.6 ಲಕ್ಷ ಟನ್ ಇದ್ದ ಇಳುವರಿ 2016-17ರಲ್ಲಿ ಸುಮಾರು 48.7 ಲಕ್ಷ ಟನ್ ಆಯಿತು. ಬೋನಸ್ ಸೇರಿ ಕ್ವಿಂಟಲ್‌ಗೆ ರೂ. 5,050 ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. ಎರಡು ಮೂರು ಹಂಗಾಮಿನ ದರಗಳು ಬಹಳ ಚಿಕ್ಕ ಮಾದರಿ. ಹತ್ತು ಹದಿನೈದು ಹಂಗಾಮುಗಳ ದರವನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿದವರಿಗೆ, ಎತ್ತರಕ್ಕೆ ಏರಿದ ದರವು ಬಿತ್ತನೆಯನ್ನು ಹೆಚ್ಚಿಸಿ ತಾನೇ ಕೆಳಗಿಳಿಯುವ ಸಂಭವ ಎದ್ದು ಕಾಣುತ್ತದೆ. ದಾಸ್ತಾನು ಮಾಡಬೇಕೇ ಬೇಡವೇ ಎಂಬ ತೀರ್ಮಾನವನ್ನು ಆ ಹಾಳೆ ಮಾಡುವುದಿಲ್ಲ. ಎಷ್ಟು ಸಾಲ ಎತ್ತಿ ದಾಸ್ತಾನು ಮಾಡಬಹುದು ಎಂಬುದನ್ನು ಮಾತ್ರ ಅದು ಹೇಳಬಲ್ಲದು.

ಬೀಜ, ಗೊಬ್ಬರಗಳನ್ನು ಉದ್ರಿ ಕೊಡುವ ವರ್ತಕರು ಬೆಳೆ ವಿಮೆಯ ಲೆಕ್ಕವನ್ನೂ ತಿಳಿದಿರುವುದು ಒಳಿತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹಿಂದಿನ ಏಳು ವರ್ಷಗಳ ಪೈಕಿ ಉತ್ತಮ ಐದು ವರ್ಷಗಳ ಇಳುವರಿಯ ಸರಾಸರಿಯನ್ನು ತೆಗೆದು, ಅದನ್ನು ನಿಗದಿತ ಪರಿಹಾರ ಮಟ್ಟದಿಂದ ಗುಣಿಸುತ್ತಾರೆ. ಉತ್ತಮ ಐದು ವರ್ಷಗಳ ಸರಾಸರಿ ಹೆಕ್ಟೇರಿಗೆ 800 ಕಿಲೋ, ಪರಿಹಾರ ಮಟ್ಟ ಶೇ. 80 ಎಂದಿದ್ದರೆ ಆರಂಭಿಕ ಇಳುವರಿ 640 ಕಿಲೋ. ಈ ವರ್ಷ 480 ಕಿಲೋ ಬಂದರೆ ಕೊರತೆ ನಾಲ್ಕನೆಯ ಒಂದು ಭಾಗ, ಪರಿಹಾರವೂ ವಿಮಾ ಮೊತ್ತದ ನಾಲ್ಕನೆಯ ಒಂದು ಭಾಗ. ಆದರೆ ಆ 480 ಎಂಬುದು ಒಬ್ಬ ರೈತನ ಹೊಲದ ಇಳುವರಿಯಲ್ಲ. ಪ್ರಮುಖ ಬೆಳೆಗಳಿಗೆ ಅದು ಗ್ರಾಮ ಪಂಚಾಯಿತಿಯ ಸರಾಸರಿ, ಯಾದೃಚ್ಛಿಕವಾಗಿ ಆರಿಸಿದ ಕೆಲವು ತಾಕುಗಳ ಬೆಳೆ ಕಟಾವು ಪ್ರಯೋಗದಿಂದ ಬಂದದ್ದು. ಒಬ್ಬ ರೈತನ ತೊಗರಿ ನೆಟೆ ರೋಗದಿಂದ ಪೂರ್ತಿ ಒಣಗಿದ್ದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ಹಣ ಬಾರದು. "ವಿಮೆ ಬಂದ ಮೇಲೆ ಕೊಡುತ್ತೇನೆ" ಎಂಬ ಮಾತಿನ ಮೇಲೆ ಉದ್ರಿ ಬಿಡುವ ಮುನ್ನ ಇದನ್ನು ನೆನೆಯಬೇಕು.

ಬೇಳೆಯನ್ನು ಪೊಟ್ಟಣ ಮಾಡಿ ಮಾರುವ ಸಣ್ಣ ಉದ್ದಿಮೆದಾರರಿಗೆ ಮಾನಕ ವಿಚಲನೆಯ ಬೆಲೆ ರೂಪಾಯಿಗಳಲ್ಲೇ ಕಾಣುತ್ತದೆ. 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ತಪಾಸಣೆಗೆ ತೆಗೆದ ಪೊಟ್ಟಣಗಳ ಸರಾಸರಿ ತೂಕ ಘೋಷಿತ ತೂಕಕ್ಕೆ ಕಡಿಮೆಯಾಗಬಾರದು. ಅಲ್ಲದೆ ಒಂದು ಕಿಲೋ ಪೊಟ್ಟಣಕ್ಕೆ ಸಹಿಸಬಹುದಾದ ಗರಿಷ್ಠ ವ್ಯತ್ಯಾಸ 15 ಗ್ರಾಂ. ತುಂಬುವ ಯಂತ್ರವನ್ನು 1,002 ಗ್ರಾಂಗೆ ಇಟ್ಟು, ವಿಚಲನೆ 6 ಗ್ರಾಂ ಇದ್ದರೆ, 985 ಗ್ರಾಂಗಿಂತ ಕೆಳಗೆ ಹೋಗುವ ಪೊಟ್ಟಣಗಳು ಸಾವಿರಕ್ಕೆ ಎರಡು ಮೂರು. ಯಂತ್ರ ಸವೆದು ವಿಚಲನೆ 12 ಗ್ರಾಂ ಆದರೆ ನೂರಕ್ಕೆ ಎಂಟರಷ್ಟು ಕೆಳಗೆ ಹೋಗುತ್ತವೆ. ಸರಾಸರಿ ಮಾತ್ರ 1,002 ಗ್ರಾಂ ಆಗಿಯೇ ಇರುತ್ತದೆ. ಯಂತ್ರವನ್ನು ರಿಪೇರಿ ಮಾಡದೆ ಮೊದಲಿನ ಸುರಕ್ಷತೆ ಬೇಕೆಂದರೆ ಸುಮಾರು 1,019 ಗ್ರಾಂ ತುಂಬಬೇಕು. ದಿನಕ್ಕೆ ಸಾವಿರ ಪೊಟ್ಟಣವೆಂದರೆ 17 ಕಿಲೋ ಬೇಳೆ ಪುಕ್ಕಟೆ! ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯು ಇಂತಹ ಸವೆತವನ್ನು ಮೊದಲೇ ಗುರುತಿಸುವ ಸಾಧನ. ಪಾಳಿಗೆ ಐದು ಪೊಟ್ಟಣ ತೂಗಿ ಗೋಡೆಯ ಮೇಲಿನ ಹಾಳೆಯಲ್ಲಿ ಚುಕ್ಕೆ ಇಡುವಷ್ಟೇ ಅದರ ಖರ್ಚು.

ಇವನ್ನೆಲ್ಲ ಕಲಿಯಲು ಕಾಲೇಜಿಗೆ ಮರಳಬೇಕಿಲ್ಲ. ಪದವಿಪೂರ್ವ ವಾಣಿಜ್ಯ ವಿಭಾಗದ ಸಂಖ್ಯಾಶಾಸ್ತ್ರ ಪಠ್ಯ ಧಾರಾಳವಾಗಿ ಸಾಕು, ಮನೆಯ ಮಕ್ಕಳ ಬಳಿ ಅದು ಇದ್ದರೂ ಇರಬಹುದು. ಸೂತ್ರದ ಲೆಕ್ಕವನ್ನು ಕಂಪ್ಯೂಟರಿನ ಎಕ್ಸೆಲ್ ಕ್ಷಣದಲ್ಲಿ ಮಾಡುತ್ತದೆ. ಅದು ಮಾಡಲಾರದ ಕೆಲಸವೆಂದರೆ ದಾಖಲೆ ಬರೆಯುವುದು. ಬಿಲ್ಲಿನ ದಿನಾಂಕದ ಪಕ್ಕದಲ್ಲಿ ಹಣ ಬಂದ ದಿನಾಂಕ, ಮಾರಾಟದ ಪಕ್ಕದಲ್ಲಿ ಆ ದಿನ ಸಂತೆಯೋ ಹುಣ್ಣಿಮೆಯೋ ಎಂಬ ಒಂದು ಕಲಂ. ಬಹಳಷ್ಟು ಅಂಗಡಿಗಳ ಖಾತೆಯಲ್ಲಿ ಇಂದಿಗೂ ಇರುವುದು ಬಾಕಿ ಮೊತ್ತ ಮಾತ್ರ, ಅದು ಬಂದ ದಿನವಲ್ಲ.